ಹನ್ನೆರಡಾಣೆ ನೋವು

ಕ್ಯಾನ್ಸರ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ ಒಂಬತ್ತು ವರ್ಷ ಕಳೆದಿದ್ದರೂ, ಒಂದು ರಾತ್ರಿ ಪೇನ್ ಚಾರ್ಟಿನಲ್ಲಿ ನಾನು ಬರೆದ ‘2’ ಎಂಬ ಅಂಕಿ ಇಂದಿಗೂ ನನ್ನನ್ನು ಚುಚ್ಚುತ್ತದೆ.

ರೋಗಿ ಎಪ್ಪತ್ತೆಂಟರ ರೈತ. ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ ಮೂಳೆಗೆ ಹರಡಿತ್ತು. ನಾಲ್ಕು ಗಂಟೆಗೊಮ್ಮೆ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ 10 ಮಿ.ಗ್ರಾಂ., ನಡುರಾತ್ರಿ ಎಬ್ಬಿಸಬಾರದೆಂದು ಹತ್ತು ಗಂಟೆಗೆ 20, ನಡುವೆ ನೋವು ಮೇಲೆದ್ದರೆ ಎಸ್‌ಓಎಸ್ (ಅಗತ್ಯ ಬಿದ್ದಾಗ ಮಾತ್ರ) 10 ಎಂದು ಆರ್ಡರ್ ಇತ್ತು. ಹತ್ತರ ರೌಂಡ್ಸಿನಲ್ಲಿ, ಅಲುಗಾಡದೆ ಅಂಗಾತ ಮಲಗಿದ್ದ ಅವರನ್ನು, “ಅಜ್ಜಾ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?” ಎಂದು ಕೇಳಿದೆ. “ಎರಡು ಅಂತ ಬರ್ಕೊ ಯವ್ವಾ, ತಡ್ಕೋತೀನಿ” ಎಂದರು. ಬರೆದುಕೊಂಡೆ. ಅಜ್ಜಿ ನನ್ನ ಹಿಂದೆಯೇ ಬಂದು, ಸಂಜೆ ಮಗ ಫೋನ್ ಮಾಡಿದಾಗ ಇವರು ಜೋಳದ ಬೆಳೆಯ ಮಾತೇ ಎತ್ತದೆ ಫೋನನ್ನು ತನ್ನ ಕೈಗೆ ಕೊಟ್ಟುಬಿಟ್ಟರೆಂದು ಹೇಳಿದರು. ಮನೆಯ ವಿಷಯವೆಂದುಕೊಂಡು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದೆ.

ಎರಡೂಕಾಲಕ್ಕೆ ಅಜ್ಜಿ ಓಡಿ ಬಂದರು. ಮೂತ್ರಕ್ಕೆಂದು ಎಡಕ್ಕೆ ಹೊರಳಲು ಹೋಗಿ ಅಜ್ಜ ಅರ್ಧಕ್ಕೇ ನಿಂತುಬಿಟ್ಟಿದ್ದರು. ಕೂಗುತ್ತಿರಲಿಲ್ಲ. ಮಂಚದ ಕಂಬಿ ಹಿಡಿದ ಬೆರಳುಗಳ ಗೆಣ್ಣು ಬಿಳಿಚಿಕೊಂಡಿತ್ತು, ಟವೆಲಿನ ಅಂಚು ಹಲ್ಲುಗಳ ನಡುವೆ ಇತ್ತು, ಬನಿಯನ್ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಎಸ್‌ಓಎಸ್ ಆರ್ಡರ್ ಕಣ್ಣೆದುರೇ ಇದ್ದರೂ, ಹತ್ತಕ್ಕೆ 20 ಕೊಟ್ಟಾಗಿದೆಯಲ್ಲ, ಇನ್ನೂ ಕೊಟ್ಟರೆ ಉಸಿರು ಕುಗ್ಗೀತು ಎಂದು ಹೆದರಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುತ್ತ ಎಂಟು ನಿಮಿಷ ಕಳೆದೆ. ಅಜ್ಜ ಪೂರ್ಣ ಎಚ್ಚರದಲ್ಲಿದ್ದರು, ಉಸಿರು ನಿಮಿಷಕ್ಕೆ ಇಪ್ಪತ್ತೆರಡಿತ್ತು; ಹೆದರುವಂಥದ್ದು ಏನೂ ಇರಲಿಲ್ಲ. ಆಮೇಲೆ ಮಾರ್ಫಿನ್ ಕಪಾಟಿನ ಬೀಗದ ಕೈ. ಆಸ್ಪತ್ರೆಗಳು ಮಾರ್ಫಿನ್‌ಗಾಗಿ ಹಲವು ಲೈಸೆನ್ಸ್‌ಗಳಿಗೆ ಅಲೆಯುವುದನ್ನು ತಪ್ಪಿಸಲೆಂದೇ 2014ರಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ತಂದರು. ಆದರೆ ನಮ್ಮಲ್ಲಿ ರಾತ್ರಿ ಪಾಳಿಯ ಬೀಗದ ಕೈ ಕೆಳಗಿನ ಮಹಡಿಯ ಸೂಪರ್‌ವೈಸರ್ ಬಳಿ ಇರಬೇಕೆಂಬುದು ಆಡಳಿತದವರು ತಾವೇ ಮಾಡಿಕೊಂಡ ನಿಯಮ. ಅವರು ಬಂದು, ರಿಜಿಸ್ಟರಿನಲ್ಲಿ ಎರಡು ಸಹಿ ಬಿದ್ದು, ಮಾತ್ರೆ ಅಜ್ಜನ ಬಾಯಿಗೆ ಸೇರುವಾಗ ಎರಡು ಐವತ್ತಾಗಿತ್ತು. ನುಂಗಿದ ಮಾತ್ರೆ ಹಿಡಿಯಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತೂ ನಾನು ದಿಂಬುಗಳನ್ನು ಒತ್ತುಗೊಟ್ಟು ಅವರ ಬೆನ್ನನ್ನು ಹಿಡಿದುಕೊಂಡು ನಿಂತಿದ್ದೆ.

ಬೆಳಿಗ್ಗೆ ಪ್ಯಾಲಿಯೇಟಿವ್ ಡಾಕ್ಟರ್, ಅಂದರೆ ನೋವು-ನರಳಿಕೆ ತಗ್ಗಿಸುವ ವೈದ್ಯರು, ಚಾರ್ಟ್ ನೋಡಿ ಕೇಳಿದ್ದು ಒಂದೇ: “ಹೊರಳಿಸಿ ಕೇಳಿದ್ದಿರಾ ಸಿಸ್ಟರ್?” ಮೂಳೆಗೆ ಹರಡಿದ ಕ್ಯಾನ್ಸರಿನಲ್ಲಿ ಮಲಗಿದಾಗಿನ ನೋವೇ ಬೇರೆ, ಮೈ ಅಲುಗಿದಾಗಿನ ನೋವೇ ಬೇರೆ ಎಂಬುದು ಗೊತ್ತಿದ್ದೂ ನಾನು ಕೇಳಿರಲಿಲ್ಲ. ಅವರು ಅಂಕಿಗಳನ್ನು ಬದಿಗಿಟ್ಟು, “ಹದಿನಾರಾಣೆಯಲ್ಲಿ ಎಷ್ಟಾಣೆ ಯಜಮಾನ್ರೇ, ಹೊರಳುವಾಗ?” ಎಂದರು. ಅಜ್ಜ ತಡಮಾಡಲಿಲ್ಲ: “ಹನ್ನೆರಡಾಣೆ. ರಾತ್ರಿ ಹದಿನಾರೂ ಆಗಿತ್ತು.”

ಮೈ ಒರೆಸುವ ಅರ್ಧ ಗಂಟೆ ಮೊದಲೇ ಒಂದು ಡೋಸ್ ಕೊಡಬೇಕೆಂದು ಬರೆದರು. ಸೊಂಟಕ್ಕೆ ಒಂದೇ ಸಿಟ್ಟಿಂಗಿನಲ್ಲಿ 8 ಗ್ರೇ (ವಿಕಿರಣದ ಅಳತೆ) ರೇಡಿಯೇಷನ್ ಕೂಡ ನಿಗದಿಯಾಯಿತು. ಅದರ ಫಲ ಕಾಣಲು ಕೆಲವು ವಾರ ಹಿಡಿಯಬಹುದಾದ್ದರಿಂದ ಅಲ್ಲಿಯವರೆಗೆ ಮಾತ್ರೆಯೇ ಆಧಾರವಾಗಿತ್ತು.

ಬೀಗದ ಕೈಗಾಗಿ ಎರಡು ಸಲ ಪತ್ರ ಬರೆದಿದ್ದೇನೆ, ಉತ್ತರವಿಲ್ಲ. ಅಚ್ಚಾಗಿ ಬರುವ ಚಾರ್ಟಿನಲ್ಲಿ ನೋವಿಗೆ ಈಗಲೂ ಒಂದೇ ಕಾಲಂ ಇದೆ. ಪ್ರತಿ ಪಾಳಿಯ ಆರಂಭದಲ್ಲಿ ಸ್ಕೇಲ್ ಇಟ್ಟು ಅದರ ನಡುವೆ ಗೆರೆ ಎಳೆದು, ಒಂದು ಕಡೆ ‘ಮಲಗಿದಾಗ’, ಇನ್ನೊಂದು ಕಡೆ ‘ಹೊರಳಿದಾಗ’ ಎಂದು ಬರೆದುಕೊಳ್ಳುತ್ತೇನೆ. ಮನೆಯವರು ಹೇಳಿದ್ದನ್ನು ಅಂಚಿನಲ್ಲಿ ಬರೆಯುತ್ತೇನೆ.