ಬೀಗ ಹಾಕಿದ ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದ ದಿನ

ಮಂಗಳೂರಿನ ಜ್ಯೋತಿ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿದು, ಆಡಿಟರ್ ಕಚೇರಿಯ ಮೆಟ್ಟಿಲ ಮೇಲೆ ಕೊಡೆ ಮಡಚುವಾಗ ಪರ್ಸಿನ ಜಿಪ್ಪು ತೆರೆದಿರುವುದು ಕಂಡಿತು. ಚಿಲ್ಲರೆ ಇತ್ತು, ಮನೆಯ ಬೀಗದ ಕೈ ಇತ್ತು, ಪೆನ್‌ಡ್ರೈವ್ ಇರಲಿಲ್ಲ. ಉಡುಪಿಯಲ್ಲಿ ಬಸ್ಸು ಹತ್ತಿದಾಗ ಅದು ಇತ್ತು. ಪಡುಬಿದ್ರಿ ದಾಟಿದ ಮೇಲೆ ಟಿಕೆಟಿಗೆ ಹಣ ತೆಗೆದಿದ್ದೆ. ಹೊರಗೆ ಜುಲೈ ತಿಂಗಳ ಮಳೆ, ಬಸ್ಸಿನ ಶಟರುಗಳೆಲ್ಲ ಮುಚ್ಚಿದ್ದವು. ಆ ಅರೆಗತ್ತಲೆಯಲ್ಲಿ ಜಾರಿ ಬಿದ್ದಿರಬೇಕು.

ನಾನು ಮಲ್ಪೆಯ ಬೋಟಿನವರ ಲೆಕ್ಕಪತ್ರ ನೋಡುವವಳು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡದಲ್ಲಿರುವ ಆ ಎರಡು ತಿಂಗಳಲ್ಲೇ ಬಲೆಯ ಕೆಲಸ, ಎಂಜಿನ್ ರಿಪೇರಿ, ಮನೆಯ ಕಾರ್ಯಗಳು, ಜೊತೆಗೆ ಆದಾಯ ತೆರಿಗೆಯ ರಿಟರ್ನ್. ಆ ವರ್ಷ ಅದಕ್ಕೂ ಜುಲೈ 31ರೇ ಕೊನೆಯ ದಿನವಾಗಿತ್ತು. ಪ್ಯಾನ್, ಆಧಾರ್, ಪಾಸ್‌ಬುಕ್ಕು, ಡೀಸೆಲ್ ಬಿಲ್ಲು, ಚಿನ್ನ ಅಡವಿಟ್ಟ ರಸೀದಿ, ಮಗಳ ಮದುವೆಗೆಂದು ಇಟ್ಟ ಠೇವಣಿಯ ಪತ್ರ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿಯುತ್ತಾರೆ. ತಮ್ಮನಿಗೂ ಹೇಳದ ಸಾಲದ ಲೆಕ್ಕ ನನಗೆ ಗೊತ್ತಿರುತ್ತದೆ. ಅಂಥ ನಲವತ್ತಕ್ಕೂ ಹೆಚ್ಚು ಮನೆಗಳ ಕಾಗದಗಳು ಆ ಡ್ರೈವಿನಲ್ಲಿದ್ದವು.

ಆದರೂ ಆ ಮೆಟ್ಟಿಲ ಮೇಲೆ ನನ್ನ ಕೈಕಾಲು ನಡುಗಲಿಲ್ಲ. ಡ್ರೈವಿಗೆ ಬೀಗ ಹಾಕಿತ್ತು, ಪಾಸ್‌ವರ್ಡ್ ಇಲ್ಲದೆ ಒಳಗಿನದನ್ನು ಯಾರೂ ಓದಲಾಗದು.

ಬೀಗ ಹಾಕುವುದನ್ನು ಕಲಿಯಲು ಕಾರಣವಾದದ್ದು ಒಂದು ಜೆರಾಕ್ಸ್ ಅಂಗಡಿ. ಹಿಂದಿನ ವರ್ಷ ಅಲ್ಲಿ ಪ್ರಿಂಟ್ ತೆಗೆಸಲು ನಿಂತಿದ್ದಾಗ, ಅಂಗಡಿಯ ಕಂಪ್ಯೂಟರಿನ ಪರದೆಯ ಮೇಲೆ ನನ್ನದೇ ಕಕ್ಷಿದಾರರೊಬ್ಬರ ಆಧಾರ್ ಪ್ರತಿ ಕಂಡಿತು. ಎರಡು ತಿಂಗಳ ಹಿಂದೆ ನಾನೇ ಕೊಟ್ಟಿದ್ದು. ಯಾರೂ ಕದ್ದಿರಲಿಲ್ಲ, ಪ್ರಿಂಟಿಗಾಗಿ ನಕಲು ಮಾಡಿದವರು ಅಳಿಸಿರಲಿಲ್ಲ, ಅಷ್ಟೇ. ನಿಂತು ಅಳಿಸಿ ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆ ವ್ಯಕ್ತಿ ನನ್ನನ್ನು ನಂಬಿ ಕೊಟ್ಟಿದ್ದರು, ಅಂಗಡಿಯನ್ನಲ್ಲ.

ಹುಡುಕಿದಾಗ ಸಿಕ್ಕಿದ್ದು ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ. ಹಿಂದೆ ಬಹಳ ಜನ ಬಳಸುತ್ತಿದ್ದ ಇಂಥದೇ ತಂತ್ರಾಂಶ ಟ್ರೂಕ್ರಿಪ್ಟ್ ಅನ್ನು ಅದರ ತಯಾರಕರು 2014ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಕೈಬಿಟ್ಟರು. ಅದಕ್ಕೂ ಮೊದಲೇ, 2013ರಲ್ಲಿ, ಅದರ ಕೋಡಿನಿಂದ ಕವಲೊಡೆದದ್ದು ವೆರಾಕ್ರಿಪ್ಟ್. ಒಳಗಿನ ಗೂಢಲಿಪಿ ಎಇಎಸ್, 2001ರಲ್ಲಿ ಅಮೆರಿಕ ತನ್ನ ಮಾನಕವಾಗಿ ಒಪ್ಪಿಕೊಂಡದ್ದು. ಪಾಸ್‌ವರ್ಡ್ 20 ಅಕ್ಷರಕ್ಕಿಂತ ಚಿಕ್ಕದಿದ್ದರೆ ವೆರಾಕ್ರಿಪ್ಟ್ ಎಚ್ಚರಿಸುತ್ತದೆ. ನಾನು ಒಂದಕ್ಕೊಂದು ಸಂಬಂಧವಿಲ್ಲದ ಆರು ಪದಗಳನ್ನು ಪೋಣಿಸಿಕೊಂಡೆ. ಪಾಸ್‌ವರ್ಡ್ ಒತ್ತಿದ ಮೇಲೆ ಕೆಲವು ಸೆಕೆಂಡು ಕಾಯಬೇಕು. ಆ ಹೊತ್ತಿನಲ್ಲಿ ಅದು ಪಾಸ್‌ವರ್ಡನ್ನು ಒಂದು ಲೆಕ್ಕಾಚಾರದಲ್ಲಿ ಸುಮಾರು 5 ಲಕ್ಷ ಸಲ ಅರೆಯುತ್ತಿರುತ್ತದೆ. ಊಹಿಸಿ ತೆರೆಯಲು ಹೊರಟವನು ಪ್ರತಿ ಊಹೆಗೂ ಅಷ್ಟೇ ಅರೆಯಬೇಕು. ಈ ಕಾಯುವಿಕೆ ನನಗೆ ಇಷ್ಟ. ನಾನು ಇಡೀ ಡ್ರೈವನ್ನೇ ಹೀಗೆ ಬೀಗದೊಳಗೆ ಹಾಕಿದ್ದೆ.

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿದೆ. ನಮ್ಮ ಕಡೆಯ ಖಾಸಗಿ ಬಸ್ಸುಗಳ ಅನುಕೂಲವೆಂದರೆ, ಬಸ್ಸಿನ ಹೆಸರು ನೆನಪಿದ್ದರೆ ಸಾಕು, ಅದು ಈಗ ಎಲ್ಲಿದೆಯೆಂದು ಹೇಳುವವರು ಸಿಗುತ್ತಾರೆ. "ಅದು ಆಗಲೇ ಉಡುಪಿಗೆ ಹೋಯಿತು ಅಕ್ಕ, ಎರಡೂವರೆಗೆ ಪುನಃ ಬರುತ್ತದೆ, ಕುಳಿತುಕೊಳ್ಳಿ" ಎಂದರು ಒಬ್ಬರು. ಕುಳಿತೆ.

ಬಸ್ಸು ಬಂತು. ನನ್ನನ್ನು ನೋಡುತ್ತಲೇ ಕಂಡಕ್ಟರ್ ಖಾಕಿ ಅಂಗಿಯ ಜೇಬಿಗೆ ಕೈ ಹಾಕಿದರು. ಟಿಕೆಟಿನ ಕಾಗದದಲ್ಲಿ ಸುತ್ತಿಟ್ಟ ಪೆನ್‌ಡ್ರೈವ್. ಕಣ್ಣು ತುಂಬಿ ಬಂತು.

"ಯಾರದೆಂದು ತಿಳಿಯಲಿ ಅಂತ ಉಡುಪಿಯಲ್ಲಿ ನನ್ನ ಪರಿಚಯದ ಮೊಬೈಲ್ ಅಂಗಡಿಯಲ್ಲಿ ಹಾಕಿ ನೋಡಿದೆವು ಅಕ್ಕ. ಒಳಗೆ ಏನೂ ಇರಲಿಲ್ಲ. ಫಾರ್ಮ್ಯಾಟ್ ಮಾಡಬೇಕು ಅಂತ ಕೇಳಿತು. ಕೆಟ್ಟಿದೆಯೇನೋ, ಸರಿ ಮಾಡಿಯೇ ಕೊಡುವ ಅಂತ ಮಾಡಿಸಿದೆ."

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಅವರು ಮಾಡಿದ್ದು ಉಪಕಾರ. ಪೂರ್ತಿ ಬೀಗ ಹಾಕಿದ ಡ್ರೈವ್ ವಿಂಡೋಸಿಗೆ ಅರ್ಥವಾಗದ ಕಸದಂತೆ ಕಾಣುತ್ತದೆ. ಬಳಸಬೇಕಾದರೆ ಫಾರ್ಮ್ಯಾಟ್ ಮಾಡಿ, ಅಂದರೆ ಹಳೆಯದನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಿ, ಎಂದು ಅದೇ ಸೂಚಿಸುತ್ತದೆ. ಕೈಮುಗಿದೆ. ಚಹಾಕ್ಕೆಂದು ಕೊಟ್ಟ ಹಣವನ್ನು ಅವರು ಮುಟ್ಟಲಿಲ್ಲ.

ಮನೆಯಲ್ಲಿ ಬೇರೊಂದು ಪ್ರತಿ ಇತ್ತು, ಆದರೆ ಎಂಟು ದಿನ ಹಳೆಯದು. ಆ ಎಂಟು ದಿನಗಳಲ್ಲಿ ಹನ್ನೊಂದು ಮನೆಯವರ ಕೆಲಸ ಮುಗಿಸಿದ್ದೆ. ಕೊನೆಯ ದಿನಕ್ಕೆ ಉಳಿದದ್ದು ಐದು ದಿನ.

ಆ ರಾತ್ರಿ ಮೊದಲು ಇಡೀ ಡ್ರೈವಿನ ಪಡಿಯಚ್ಚನ್ನು ಲ್ಯಾಪ್‌ಟಾಪಿಗೆ ತೆಗೆದಿಟ್ಟೆ. ಆಮೇಲೆ ಪಾಸ್‌ವರ್ಡ್ ಒತ್ತಿದೆ. ಅದೇ ಕೆಲವು ಸೆಕೆಂಡು ಕಾಯುವಿಕೆ. ಪಾಸ್‌ವರ್ಡ್ ತಪ್ಪು, ಇಲ್ಲವೇ ಇದು ವೆರಾಕ್ರಿಪ್ಟ್ ಡ್ರೈವೇ ಅಲ್ಲ ಎಂಬ ಉತ್ತರ ಬಂತು. ಕಡತಗಳನ್ನು ನಿಜವಾಗಿ ಬಿಡಿಸುವ ಕೀಲಿ ಡ್ರೈವಿನ ಮೊದಲಲ್ಲಿರುವ ಹೆಡರ್ ಎಂಬ ಪುಟ್ಟ ಭಾಗದಲ್ಲಿರುತ್ತದೆ, ನಮ್ಮ ಪಾಸ್‌ವರ್ಡ್ ತೆರೆಯುವುದು ಆ ಹೆಡರನ್ನು ಮಾತ್ರ. ಫಾರ್ಮ್ಯಾಟ್ ಮಾಡಿದಾಗ ಮೊದಲು ಬರೆಯಲ್ಪಡುವುದು ಸರಿಯಾಗಿ ಅದೇ ಜಾಗದ ಮೇಲೆ. ಹೆಡರ್ ಹೋದರೆ ಆರು ಪದವೂ ವ್ಯರ್ಥ, ಬೀಗ ಹಾಕಿದವಳಿಗೂ ಅದು ತೆರೆಯದು.

ಆದರೆ ವೆರಾಕ್ರಿಪ್ಟ್ ಮಾಡಿದವರು ಮುಂದಾಲೋಚನೆಯ ಜನ. ಹೆಡರಿನ ಇನ್ನೊಂದು ಪ್ರತಿಯನ್ನು ಡ್ರೈವಿನ ತುತ್ತತುದಿಯಲ್ಲಿ ಇಟ್ಟಿರುತ್ತಾರೆ. ಅಂಗಡಿಯವರು ಮಾಡಿದ್ದು ಕ್ವಿಕ್ ಫಾರ್ಮ್ಯಾಟ್, ತುದಿಯವರೆಗೆ ಅಳಿಸಿರಲಿಲ್ಲ. ಆ ಪ್ರತಿಯನ್ನು ಬಳಸು ಎಂಬ ಆಯ್ಕೆಗೆ ಗುರುತು ಹಾಕಿ ಮತ್ತೊಮ್ಮೆ ಒತ್ತಿದೆ. ಕಾದೆ. ಬೀಗ ತೆರೆಯಿತು.

ತೆರೆದ ಡ್ರೈವನ್ನು ಕ್ಲಿಕ್ಕಿಸಿದರೆ ವಿಂಡೋಸ್ ಮತ್ತೆ ಅದೇ ಪ್ರಶ್ನೆ ಕೇಳಿತು: ಫಾರ್ಮ್ಯಾಟ್ ಮಾಡಲೇ? ಒಳಗಿನ ಕಡತಗಳ ಸೂಚಿಯೂ ಹಾಳಾಗಿತ್ತು. ಬೇಡವೆಂದು ಒತ್ತಿ, ಅಳಿದ ಕಡತ ಹುಡುಕುವ ಇನ್ನೊಂದು ತಂತ್ರಾಂಶಕ್ಕೆ ಕೆಲಸ ಒಪ್ಪಿಸಿ, ಹೊರಗೆ ಮಳೆ ಸುರಿಯುತ್ತಿದ್ದಂತೆ ಪಕ್ಕದಲ್ಲೇ ಕುಳಿತೆ. ಬೆಳಗಿನ ಜಾವ ನಾಲ್ಕಕ್ಕೆ ಕಡತಗಳು ಒಂದೊಂದೇ ಬರತೊಡಗಿದವು. ಹೆಸರುಗಳೆಲ್ಲ ಹೋಗಿದ್ದವು, ಬರೀ ಸಂಖ್ಯೆ. ತೆರೆದು, ಮುಖ ನೋಡಿ, ಯಾರದೆಂದು ಗುರುತಿಸಿ ಮತ್ತೆ ಹೆಸರು ಬರೆದೆ. ಮೂರು ಮನೆಯವರ ಕಾಗದಗಳು ಸಿಗಲೇ ಇಲ್ಲ. ಮಲ್ಪೆಗೆ ಹೋಗಿ, ಆದದ್ದನ್ನು ಆದಂತೆಯೇ ಹೇಳಿ, ಮತ್ತೆ ಕೇಳಿ ಪಡೆದೆ. ಒಬ್ಬರೂ ಬೇಸರಿಸಿಕೊಳ್ಳಲಿಲ್ಲ. ಒಬ್ಬ ಹಿರಿಯರು ಮಾತ್ರ, "ಬೇರೆಯವರು ನೋಡಲಿಲ್ಲ ಅಲ್ಲವಾ?" ಎಂದು ಎರಡು ಸಲ ಕೇಳಿದರು. ಇಲ್ಲ ಎಂದು ಧೈರ್ಯವಾಗಿ ಹೇಳುವುದು ಸಾಧ್ಯವಾಯಿತು.

ಈಗ ಇಡೀ ಡ್ರೈವಿಗೆ ಬೀಗ ಹಾಕುವುದಿಲ್ಲ. ಸಾಮಾನ್ಯ ಡ್ರೈವಿನೊಳಗೆ 3 ಜಿಬಿಯ ಒಂದೇ ಕಡತವನ್ನು ಪೆಟ್ಟಿಗೆಯಂತೆ ಮಾಡಿ, ಅದಕ್ಕೆ ಬೀಗ. ವಿಂಡೋಸಿಗೆ ಡ್ರೈವ್ ಸರಿಯಾಗಿಯೇ ಕಾಣುತ್ತದೆ, ಫಾರ್ಮ್ಯಾಟಿನ ಮಾತೆತ್ತುವುದಿಲ್ಲ. ಹೆಡರಿನ ಪ್ರತಿ ಮನೆಯ ಕಪಾಟಿನಲ್ಲಿದೆ, ಕಡತಗಳ ಇನ್ನೊಂದು ಪ್ರತಿಯನ್ನು ದಿನವೂ ಸಂಜೆ ಮಾಡಿಡುತ್ತೇನೆ. ಪೆಟ್ಟಿಗೆಯ ಪಕ್ಕದಲ್ಲಿ ಬೀಗವಿಲ್ಲದ ಚಿಕ್ಕ ಕಡತವೊಂದಿದೆ, ಯಾರು ಬೇಕಾದರೂ ತೆರೆಯಬಹುದು. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಕಂಡಕ್ಟರ್. ಅದರಲ್ಲಿ ಹೀಗಿದೆ: "ಸಿಕ್ಕವರಿಗೆ ನಮಸ್ಕಾರ. ಇದು ಕೆಟ್ಟಿಲ್ಲ, ದಯವಿಟ್ಟು ಏನನ್ನೂ ಅಳಿಸಬೇಡಿ. ಕೆಳಗಿನ ನಂಬರಿಗೆ ಫೋನ್ ಮಾಡಿ, ನೀವು ಇರುವಲ್ಲಿಗೆ ನಾನೇ ಬರುತ್ತೇನೆ."