ಕಡಲಿನ ಗದ್ದಲ ತಿಳಿಸೋಕೆ ಹಾಡು ಯಾಕೆ, ಅಂಕಿಅಂಶ ಸಾಲದಾ?

ಕರಾವಳಿಯ ಶಾಲೆಗಳಿಗೆ ಹೋಗಿ ಮಕ್ಕಳಿಗೆ ತಿಮಿಂಗಿಲದ ಹಾಡು ಕೇಳಿಸುತ್ತೇನೆ. ಅದು ಗೊತ್ತಾದವರೆಲ್ಲ ಕೇಳುವುದು ಒಂದೇ ಮಾತು: "ಹಡಗುಗಳಿಂದ ಸಮುದ್ರದೊಳಗೆ ಎಷ್ಟು ಗದ್ದಲ ಆಗ್ತಿದೆ ಅಂತ ವಿಜ್ಞಾನಿಗಳು ಅಳೆದು ಹೇಳಿದ್ದಾರಲ್ಲ. ಅದನ್ನೇ ಹೇಳಿದ್ರೆ ಸಾಲದಾ?"

ಸಾಲದು. ಕಿವಿಗೆ ಬೀಳದ ಗದ್ದಲಕ್ಕೆ ಯಾರ ಹೊಟ್ಟೆಯೂ ಉರಿಯುವುದಿಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್, ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ ಎಂದು ಎಷ್ಟೋ ಸಲ ಓದಿದ್ದೆ. ಮಲ್ಪೆಯಲ್ಲಿ ಈಜುತ್ತ ಒಮ್ಮೆ ತಲೆ ಮುಳುಗಿಸಿದಾಗಲೇ ಅದರ ಅರ್ಥ ಆದದ್ದು. ದೂರದಲ್ಲಿ ಚುಕ್ಕಿಯಂತಿದ್ದ ಬೋಟಿನ ಇಂಜಿನ್ ನನ್ನ ಕಿವಿಯೊಳಗೇ ಗುಡುಗುಡು ಅನ್ನುತ್ತಿತ್ತು. ತಲೆ ಎತ್ತಿದರೆ ಬರೀ ಅಲೆಯ ಸದ್ದು.

ಈ ವಿಷಯದಲ್ಲಿ ಕಲೆಯೂ ವಿಜ್ಞಾನವೂ ಮೊದಲಿನಿಂದ ಜೊತೆಯಲ್ಲೇ ಬಂದಿವೆ. ಬರ್ಮುಡಾದಲ್ಲಿ ಅಮೆರಿಕದ ನೌಕಾಪಡೆಗಾಗಿ ನೀರೊಳಗಿನ ಸದ್ದು ಆಲಿಸುತ್ತಿದ್ದ ಇಂಜಿನಿಯರ್ ಫ್ರಾಂಕ್ ವಾಟ್ಲಿಂಗ್ಟನ್ ಟೇಪಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ದನಿ ಹಿಡಿದಿದ್ದರು. ಆ ಟೇಪು ಜೀವವಿಜ್ಞಾನಿ ರೋಜರ್ ಪೇಯ್ನ್ ಮತ್ತು ಅವರ ಪತ್ನಿ ಕೇಟಿ ಪೇಯ್ನ್ ಅವರ ಕೈಸೇರಿತು. ದನಿಯನ್ನು ಕಾಗದದ ಮೇಲೆ ಗೆರೆಗಳಾಗಿ ಇಳಿಸಿ ನೋಡಿದರೆ, ಪಲ್ಲವಿ ಮರಳುವಂತೆ ಅದೇ ಸಾಲುಗಳು ಕ್ರಮ ತಪ್ಪದೆ ಮರಳುತ್ತಿದ್ದವು. 1970ರಲ್ಲಿ ಅದು ಗ್ರಾಮಫೋನ್ ತಟ್ಟೆಯಾಗಿ ಮನೆಗಳಿಗೆ ಹೋಯಿತು. ಮರುವರ್ಷ ರೋಜರ್ ಮತ್ತು ಸ್ಕಾಟ್ ಮೆಕ್‌ವೇ ಅವರ ಪ್ರಬಂಧ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಹಾಡು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ ಎಂದು ಗುರುತಿಸಿದ್ದು ಸಂಗೀತ ಓದಿದ್ದ ಕೇಟಿ. ವಾಣಿಜ್ಯ ಬೇಟೆಗೆ ತಡೆ ಹಾಕಲು 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಮತ ಹಾಕಿದ್ದರ ಹಿಂದೆ, ಆ ತಟ್ಟೆ ಕೇಳಿ ಮನಸ್ಸು ಕರಗಿದ ಜನರ ಒತ್ತಾಯವೂ ಇತ್ತು.

ಹಾಗಂತ ಕಲೆ ಲೆಕ್ಕವನ್ನು ಕೈಬಿಡಬಾರದು. ಹಡಗಿನ ಸದ್ದನ್ನು ರಾಕೆಟ್ಟಿಗೆ ನೇರ ಹೋಲಿಸುವ ಪೋಸ್ಟರ್ ಕಂಡರೆ ನನಗೆ ಬೇಸರ. ಸದ್ದಿನ ಜೋರನ್ನು ಅಳೆಯುವುದು ಡೆಸಿಬೆಲ್‌ನಲ್ಲಿ; ಆದರೆ ನೀರಿನ ಡೆಸಿಬೆಲ್‌ಗೂ ಗಾಳಿಯ ಡೆಸಿಬೆಲ್‌ಗೂ ಅಳತೆಯ ಆಧಾರವೇ ಬೇರೆ. ಉತ್ಪ್ರೇಕ್ಷೆಯ ಅಗತ್ಯವೂ ಇಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಕಡಿಮೆಯಾಗಿ ನೀರೊಳಗಿನ ಸದ್ದು 6 ಡೆಸಿಬೆಲ್ ಇಳಿಯಿತು. ಅಲ್ಲಿನ 'ರೈಟ್' ಎಂಬ ಜಾತಿಯ ತಿಮಿಂಗಿಲಗಳ ಮಲ ಪರೀಕ್ಷಿಸುತ್ತಿದ್ದ ರೋಸಲಿಂಡ್ ರೋಲಂಡ್ ಅವರ ತಂಡಕ್ಕೆ, ಆ ದಿನಗಳಲ್ಲಿ ಒತ್ತಡದ ಹಾರ್ಮೋನೂ ಇಳಿದದ್ದು ಕಂಡಿತು. 2012ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಯಾವ ಹಾಡೂ ನಮಗೆ ಹೇಳುತ್ತಿರಲಿಲ್ಲ.

ತರಗತಿಯಲ್ಲಿ ಹಾಡು ಹಾಕಿ, ಕೇಳಿಸಿದ್ದನ್ನು ಗೆರೆಯಾಗಿ ಎಳೆಯಿರಿ ಎನ್ನುತ್ತೇನೆ. ಪೆನ್ಸಿಲ್‌ಗಳು ಏರುತ್ತವೆ, ಇಳಿಯುತ್ತವೆ. ಆಮೇಲೆ ಅದರ ಮೇಲೆ ಹಡಗಿನ ಸದ್ದನ್ನು ಮೆಲ್ಲಗೆ ಏರಿಸುತ್ತೇನೆ. ಒಂದೊಂದೇ ಪೆನ್ಸಿಲ್ ನಿಲ್ಲುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು: "ಹಡಗು ನಿಧಾನ ಹೋದ್ರೆ ಆಗಲ್ವಾ ಸರ್?"

ಆಗುತ್ತೆ ಪುಟ್ಟಿ, ಅಂದೆ. ನಿಧಾನ ಹೋದರೆ ಪ್ರೊಪೆಲ್ಲರಿನ ಸುತ್ತ ಗುಳ್ಳೆ ಒಡೆಯುವ ಸದ್ದು ತಗ್ಗುತ್ತದೆ. ಕೆನಡಾದ ವ್ಯಾಂಕೂವರ್ ಬಂದರಿನವರು ಕೇಳಿಕೊಂಡ ಮೇಲೆ, 2017ರಲ್ಲಿ ಹತ್ತಿರದ ಹ್ಯಾರೋ ಜಲಸಂಧಿಯಲ್ಲಿ ಓರ್ಕಾ ಎಂಬ ಕಪ್ಪು-ಬಿಳುಪು ಬಣ್ಣದ ಕಡಲಪ್ರಾಣಿಗಳಿಗಾಗಿ ಎಷ್ಟೋ ಹಡಗುಗಳು ತಾವಾಗಿಯೇ ವೇಗ ಇಳಿಸಿದವು.