ರವಿಯಲ್ಲ, ರಾವಿ

ಭಾವನ ಬಾಯಲ್ಲಿ ‘ರವಿ ಹೋಟೆಲ್’ ಎಂಬ ಹೆಸರನ್ನು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದ ನಾನು, ಅದು ನಮ್ಮ ಉಡುಪಿ ಕಡೆಯ ಯಾರೋ ಶೆಟ್ಟರು ದುಬೈಗೆ ಹೋಗಿ ಕಟ್ಟಿದ ಉದ್ಯಮವಿರಬೇಕೆಂದೇ ಭಾವಿಸಿದ್ದೆ. ಕಳೆದ ಜನವರಿಯ ಒಂದು ಸಂಜೆ ಸತ್ವಾ ಬಡಾವಣೆಯಲ್ಲಿ ಅದರ ಮುಂದೆ ನಿಂತಾಗ ತಿಳಿಯಿತು, ಅದು ಪಾಕಿಸ್ತಾನಿ ಊಟದ ಮನೆ. ಫಲಕದ ಇಂಗ್ಲಿಷ್ ಅಕ್ಷರಗಳಿಗೆ ಹ್ರಸ್ವ ದೀರ್ಘಗಳ ಗೊಡವೆಯಿಲ್ಲವಾದ್ದರಿಂದ ನಾವು ‘ರವಿ’ ಎಂದು ಓದಿಕೊಳ್ಳುತ್ತೇವೆ. ನೀರು ತಂದಿಟ್ಟ ಮಾಣಿ ಮಾತ್ರ ಸ್ಪಷ್ಟವಾಗಿ ‘ರಾವಿ’ ಎಂದ. ಸೂರ್ಯನಲ್ಲ, ನದಿ. ಋಗ್ವೇದ ಪರುಷ್ಣಿ ಎಂದು ಕರೆದ, ಹಿಮಾಚಲದಲ್ಲಿ ಹುಟ್ಟಿ ಚಂಬಾವನ್ನು ಹಾದು ಲಾಹೋರಿನ ಮಗ್ಗುಲಿಗೆ ಹರಿಯುವ ಆ ನದಿಯ ನೀರಿನ ಬಳಕೆಯ ಹಕ್ಕು 1960ರ ಸಿಂಧೂ ಜಲ ಒಪ್ಪಂದದಲ್ಲಿ ಭಾರತದ ಪಾಲಿಗೆ ಬಂತು. ನೀರು ನಮ್ಮದಾದರೂ ಹೆಸರು ಅವರೊಂದಿಗೆ ಗಲ್ಫಿಗೆ ಹೋಗಿದೆ.

1978ರಲ್ಲಿ ಈ ಹೋಟೆಲ್ ಆರಂಭವಾದಾಗ, ಇಲ್ಲಿಂದ ಸ್ವಲ್ಪವೇ ದೂರದಲ್ಲಿರುವ, ಆ ಕಾಲಕ್ಕೆ ಊರಿಗೇ ಎತ್ತರವೆನಿಸಿದ ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರದ ಉದ್ಘಾಟನೆಯೂ ಆಗಿರಲಿಲ್ಲ. ಈಗ 828 ಮೀಟರಿನ ಬುರ್ಜ್ ಖಲೀಫಾ ಮಹಡಿಗಳ ಮೇಲಿಂದ ಇಣುಕುತ್ತದೆ. ಹೋಟೆಲಿನ ಎದುರಿನ ಕಾಲುದಾರಿಯ ಮೇಲೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾವು ಕುಳಿತೆವು. ಒಳಗೆ ಎ.ಸಿ. ಇತ್ತು, ಆದರೆ ಭಾವ, “ಜನವರಿಯಲ್ಲಿ ಒಳಗೆ ಕೂರುವವ ದುಬೈಯವನಲ್ಲ ಮಾರಾಯ” ಎಂದು ಹೇಳಿ ನನ್ನನ್ನು ಹೊರಗೇ ಕೂರಿಸಿದರು.

ಕುಳಿತ ಕೂಡಲೇ, ಕೇಳದೆಯೇ, ಈರುಳ್ಳಿ, ಸೌತೆಕಾಯಿ, ನಿಂಬೆಹೋಳುಗಳ ತಟ್ಟೆಯೊಂದು ಬಂತು. ಇದಕ್ಕೆ ಹಣವಿಲ್ಲ. ನಮ್ಮ ಊಟದ ಹೋಟೆಲುಗಳಲ್ಲಿ ಉಪ್ಪಿನಕಾಯಿ ಬಡಿಸುವ ಸಹಜತೆಯಲ್ಲಿಯೇ ಮಾಣಿ ಅದನ್ನು ಇಟ್ಟು ಹೋದ. ಭಾವ ಮೆನುವನ್ನು ನೋಡಲಿಲ್ಲ. ಒಂದು ಮಟನ್ ಪೇಶಾವರಿ, ಒಂದು ದಾಲ್ ಫ್ರೈ, ನಾಲ್ಕು ರೊಟ್ಟಿ.

ರೊಟ್ಟಿಯ ಕೆಲಸವನ್ನು ನೋಡಲೆಂದೇ ನಾನು ಎದ್ದು ತಂದೂರಿನ ಹತ್ತಿರ ಹೋದೆ. ಅಲ್ಲಿದ್ದಾತ ಹಿಟ್ಟಿನ ಉಂಡೆಯನ್ನು ಎರಡು ಅಂಗೈಗಳ ನಡುವೆ ತಟ್ಟಿ ತಟ್ಟಿ ಹಿಗ್ಗಿಸಿ, ಬಟ್ಟೆ ಸುತ್ತಿದ ದುಂಡನೆಯ ದಿಂಬಿನ ಮೇಲೆ ಹರಡಿ, ಮೊಣಕೈವರೆಗೂ ತೋಳನ್ನು ಒಲೆಯೊಳಗೆ ಇಳಿಸಿ ಗೋಡೆಗೆ ಒಂದೇ ಏಟಿಗೆ ಅಂಟಿಸಿಬಿಡುತ್ತಿದ್ದ. ಗುಳ್ಳೆಗಳೆದ್ದು ಅಲ್ಲಲ್ಲಿ ಕಪ್ಪಾಗುತ್ತಿದ್ದಂತೆ ಎರಡು ಉದ್ದನೆಯ ಕಬ್ಬಿಣದ ಸಲಾಕೆಗಳು ಒಳಗಿಳಿಯುತ್ತಿದ್ದವು: ಒಂದು ಅಂಚನ್ನು ಕೆರೆದು ಬಿಡಿಸಲು, ಇನ್ನೊಂದು ಕೊಕ್ಕೆ ಹಾಕಿ ಎತ್ತಲು. ಅವನ ಬಲ ಮುಂಗೈಯಲ್ಲಿ ಒಂದೇ ಒಂದು ರೋಮವಿರಲಿಲ್ಲ. ನಾನು ಗಮನಿಸುತ್ತಿದ್ದುದನ್ನು ಕಂಡು ಕೈಯನ್ನೊಮ್ಮೆ ತಿರುಗಿಸಿ ತೋರಿಸಿ ನಕ್ಕು, ಮತ್ತೆ ಹಿಟ್ಟಿಗೆ ಕೈ ಹಾಕಿದ.

ತೆಂಗಿನಕಾಯಿ ಅರೆಯದೆ, ಹುಣಸೆಹುಳಿ ಬಿಡದೆ ಮಾಂಸದ ಅಡುಗೆ ಆಗುತ್ತದೆಂಬುದನ್ನು ಕರಾವಳಿಯ ನಾಲಿಗೆ ಸುಲಭವಾಗಿ ಒಪ್ಪುವುದಿಲ್ಲ. ಗಸಿಯೆಂದರೆ ಅರೆದ ಮಸಾಲೆಯದೇ ಒಡೆತನ; ಕೋಳಿಯಾಗಲಿ ಕಡಲೆಯಾಗಲಿ ಅದರ ಅಡಿಯಾಳು. ಪೇಶಾವರಿಯ ಕ್ರಮ ಇದಕ್ಕೆ ತದ್ವಿರುದ್ಧ. ಮಾಂಸ, ಅದರದೇ ಕೊಬ್ಬು, ಟೊಮೆಟೊ, ಹಸಿಮೆಣಸು, ಶುಂಠಿ, ಉಪ್ಪು. ದೊಡ್ಡ ಉರಿಯಲ್ಲಿ ಟೊಮೆಟೊ ಕರಗಿ ಎಣ್ಣೆ ಬಿಡುವವರೆಗೆ ಬಾಣಲೆಯಲ್ಲಿ ಕೆದಕುವುದು, ಅಷ್ಟೆ. ಮೊದಲ ತುತ್ತಿಗೆ ಏನೋ ಕೊರತೆಯಿದೆ ಎನಿಸಿತು. ಮೂರನೆಯ ತುತ್ತಿನ ಹೊತ್ತಿಗೆ, ಇಷ್ಟು ವರ್ಷ ನಾನು ಮಟನ್ನಿನ ರುಚಿಯೆಂದುಕೊಂಡಿದ್ದು ಬಹುಪಾಲು ಬ್ಯಾಡಗಿ ಮೆಣಸಿನ ರುಚಿಯೇ ಇರಬಹುದೆಂಬ ಗುಮಾನಿ ಹುಟ್ಟಿತು. ಮನೆಯಲ್ಲಿ ಇದನ್ನು ಹೇಳುವ ಧೈರ್ಯವಿಲ್ಲ.

ಆದರೆ ಈ ಹೋಟೆಲಿನ ನಿಜವಾದ ಊಟ ಪೇಶಾವರಿಯಲ್ಲ, ದಾಲ್. ಇದು ನನಗೆ ಹೊಳೆದದ್ದು ಪಕ್ಕದ ಮೇಜನ್ನು ನೋಡಿ. ಧೂಳು ಹಿಡಿದ ಸಮವಸ್ತ್ರದ ಮೂವರು ಬಂದು ಕುಳಿತು, ಒಂದೇ ದಾಲ್ ಹೇಳಿ, ರೊಟ್ಟಿಯ ಮೇಲೆ ರೊಟ್ಟಿ ತರಿಸಿಕೊಂಡು, ಪುಕ್ಕಟೆಯ ಈರುಳ್ಳಿ ತಟ್ಟೆಯನ್ನು ಎರಡು ಬಾರಿ ಬರಿದು ಮಾಡಿ, ಹತ್ತೇ ನಿಮಿಷದಲ್ಲಿ ಎದ್ದು ಹೋದರು. ಅವರ ಎದುರಿನ ಮೇಜಿನಲ್ಲಿದ್ದ ಯುರೋಪಿಯನ್ ದಂಪತಿ ಬಾಣಲೆಯ ಫೋಟೊ ತೆಗೆಯುತ್ತಲೇ ಇದ್ದರು. 2022ರಲ್ಲಿ ಅಡಿಡಾಸ್ ಕಂಪನಿ ಈ ಹೋಟೆಲಿನ ಹೆಸರಿನಲ್ಲಿ ಹಸಿರು ಬಿಳುಪಿನ ಶೂ ಒಂದನ್ನು ಹೊರತಂದ ಮೇಲಂತೂ ಇಲ್ಲಿನ ಸರಳತೆಯೇ ನೋಡಬೇಕಾದ ವಸ್ತುವಾಗಿಬಿಟ್ಟಿದೆ. ಮೇಜುಬಟ್ಟೆ, ದೀಪಾಲಂಕಾರ, ಸಂಗೀತಗಳಿಲ್ಲದಿರುವುದು ಇಲ್ಲಿ ಒಂದು ಶೈಲಿಯಲ್ಲ. ದಿನವೂ ಉಣ್ಣುವವನಿಗೆ ಅವುಗಳಿಗೆಲ್ಲ ಹಣ ತೆರಲು ಆಗದು. ನಾವು ಪ್ರವಾಸಿಗರು ಇನ್ನೊಬ್ಬರ ನಿತ್ಯದ ಊಟದ ಮನೆಗೆ ಒಂದು ದಿನದ ಮಟ್ಟಿಗೆ ಬಂದು ಕುಳಿತವರು.

ಭಾವನೂ ಹಾಗೆ ನಿತ್ಯ ಉಂಡವರೇ. 1994ರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆಂದು ಬಂದಾಗ ಅವರಿಗೆ ಸಿಕ್ಕಿದ್ದು ಸತ್ವಾದ ಹಳೆಯ ವಿಲ್ಲಾವೊಂದರಲ್ಲಿ ‘ಬೆಡ್‌ಸ್ಪೇಸ್’, ಅಂದರೆ ಬಾಡಿಗೆಗೆ ಕೋಣೆಯಲ್ಲ, ಮಂಚ. ಒಂದು ಕೋಣೆಗೆ ಆರು ಜನ. ಒಲೆ ಹಚ್ಚಲು ಒಪ್ಪಿಗೆಯಿಲ್ಲ. “ಮೂರು ಜನ ಸೇರಿ ಒಂದು ದಾಲ್ ಪಾರ್ಸೆಲ್. ರೊಟ್ಟಿ ತರುವವನು ಕೊನೆಯ ರೊಟ್ಟಿ ತಿನ್ನಬೇಕು ಅಂತ ನಿಯಮ ಮಾಡಿದ್ದೆವು, ದಾರಿಯಲ್ಲಿ ಒಂದು ಖಾಲಿಯಾಗುವುದು ಬೇಡ ಅಂತ” ಎಂದರು. ಸಂಬಳದ ದಿನ ಮಾತ್ರ ಪೇಶಾವರಿ. ಈಗ ಶಾರ್ಜಾದಲ್ಲಿ ಸ್ವಂತ ಅಡುಗೆಮನೆಯಿದ್ದರೂ ಅವರು ದಾಲನ್ನು ಬಿಟ್ಟು ಎದ್ದದ್ದಿಲ್ಲ ಎಂಬುದಕ್ಕೆ ಬೋಗುಣಿ ಒರೆಸಿದ್ದ ಕೊನೆಯ ರೊಟ್ಟಿಚೂರೇ ಸಾಕ್ಷಿ.

ಚಹಾ ಕುಡಿದು, ಒಟ್ಟು 70 ದಿರ್ಹಮ್‌ಗೂ ಕಡಿಮೆ ಕೊಟ್ಟೆವು. ನಾನು ಮನಸ್ಸಿನಲ್ಲಿ ರೂಪಾಯಿಗೆ ಗುಣಿಸುತ್ತಿದ್ದುದು ಭಾವನಿಗೆ ಗೊತ್ತಾಯಿತು. ಇದೇ ಊರಿನಲ್ಲಿ 1966ರವರೆಗೂ ರೂಪಾಯಿಯೇ ನಡೆಯುತ್ತಿತ್ತೆಂದೂ, ಗಲ್ಫಿಗಾಗಿಯೇ ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಬೇರೆ ನೋಟುಗಳನ್ನು ಹೊರತಂದಿತ್ತೆಂದೂ, ರೂಪಾಯಿ ಅಪಮೌಲ್ಯವಾದ ಮೇಲೆ ದುಬೈ ಅದನ್ನು ಕೈಬಿಟ್ಟಿತೆಂದೂ ಲೆಕ್ಕಿಗರ ಗತ್ತಿನಲ್ಲಿ ವಿವರಿಸಿದರು.

ಮೆಟ್ರೊ ನಿಲ್ದಾಣಕ್ಕೆ ಹೋಗುವ ಬದಲು, ತಮ್ಮ ಹಳೆಯ ವಿಲ್ಲಾ ತೋರಿಸುವುದಾಗಿ ಒಳಬೀದಿಗಳಿಗೆ ಕರೆದುಕೊಂಡು ಹೋದರು. 2008ರಲ್ಲಿ ಜುಮೇರಾ ಗಾರ್ಡನ್ಸ್ ಎಂಬ ಭಾರಿ ಯೋಜನೆ ಘೋಷಣೆಯಾಗಿ, ಅದಕ್ಕಾಗಿ ಸತ್ವಾದ ಒಂದು ಭಾಗವನ್ನು ತೆರವುಗೊಳಿಸಲಾಗಿತ್ತು. ಅಷ್ಟರಲ್ಲಿ ಆರ್ಥಿಕ ಕುಸಿತ ಬಂದು ಯೋಜನೆ ನಿಂತಿತು. ಭಾವ ಮಸೀದಿಯೊಂದರ ಮಿನಾರಿನ ಗುರುತು ಹಿಡಿದು ಎಡಕ್ಕೆ, ಮತ್ತೆ ಎಡಕ್ಕೆ ತಿರುಗಿದರು. ಅಲ್ಲಿ ಮರಳಿನ ಖಾಲಿ ಜಾಗದಲ್ಲಿ ಕಾರುಗಳು ನಿಂತಿದ್ದವು. ಅವರು ಹೆಜ್ಜೆಗಳನ್ನು ಎಣಿಸುತ್ತಾ ನಡೆದು, ಬಿಳಿಯ ವ್ಯಾನೊಂದರ ಪಕ್ಕದಲ್ಲಿ ನಿಂತು, “ಇಲ್ಲಿ, ಕಿಟಕಿ ಕಡೆಯ ಮೇಲಿನ ಮಂಚ ನನ್ನದು” ಎಂದರು.